ಹಳೆಯ ಸಿಆರ್-ವಿ ಕೊಳ್ಳುವವರಿಗೆ ಎಚ್ಚರಿಕೆ: ಮಾರುವವರು ಹೊಗಳುವ ಜಾಗದಲ್ಲೇ ಮೊದಲು ಹುಡುಕಿ

"ಎಸಿಗೆ ಹೊಸ ಕಂಪ್ರೆಸರ್ ಹಾಕ್ಸಿದೀವಿ. ಹಿಂದಿನ ಡಿಫರೆನ್ಷಿಯಲ್ ಆಯಿಲ್ ಕೂಡ ಈಚೆಗೆ ಚೇಂಜ್ ಆಗಿದೆ. ಎಂಜಿನ್ ಬಿಸಿ ಮಾಡಿ ಇಟ್ಟಿದೀವಿ, ಬನ್ನಿ, ಒಂದು ರೌಂಡ್ ಹೋಗಿಬನ್ನಿ."

ಎರಡನೇ ತಲೆಮಾರಿನ ಒಂದು ಹೋಂಡಾ ಸಿಆರ್-ವಿಯನ್ನು ಮಾರಿದವರ ಮಾತುಗಳಿವು. ಮೂರರಲ್ಲಿ ಒಂದೂ ಸುಳ್ಳಲ್ಲ. ಆದರೆ ಗಾಡಿ ಕೈಗೆ ಬಂದ ಕೆಲವೇ ವಾರಗಳಲ್ಲಿ ಎಸಿ ಸತ್ತಿತು, ಯೂ-ಟರ್ನ್ ತೆಗೆದುಕೊಂಡಾಗಲೆಲ್ಲ ಹಿಂದಿನಿಂದ ನರಳುವ ಸದ್ದು ಬಂತು, ಬೆಳಗಿನ ಮೊದಲ ಸ್ಟಾರ್ಟ್‌ಗೆ ಎಂಜಿನ್ ನಡುಗತೊಡಗಿತು. ಕೊಂಡ ಕುಟುಂಬ ನಂಬಿದ್ದು "ಸಿಆರ್-ವಿ ಗಟ್ಟಿ ಗಾಡಿ" ಎಂಬ ಹೆಸರನ್ನು. ರಿಪೇರಿಯ ಖರ್ಚು ಬಿದ್ದದ್ದು ಮಾರುವವರು ಹೆಮ್ಮೆಯಿಂದ ತೋರಿಸಿದ ಅದೇ ಮೂರು ಜಾಗಗಳಲ್ಲಿ. ಇನ್ನೊಬ್ಬರಿಗೆ ಹೀಗಾಗಬಾರದೆಂದು ಇದನ್ನು ವಿವರವಾಗಿ ಬರೆಯುತ್ತಿದ್ದೇವೆ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಸಿಆರ್-ವಿ ಎನ್ನುವುದು ಒಂದೇ ಗಾಡಿಯಲ್ಲ. 1995ರಲ್ಲಿ ಜಪಾನಿನಲ್ಲಿ ಶುರುವಾದ ಈ ಹೆಸರಿನಲ್ಲಿ ಇಲ್ಲಿಯವರೆಗೆ ಆರು ತಲೆಮಾರುಗಳು ಬಂದಿವೆ. ಎಂಜಿನ್ ಬದಲಾಗಿದೆ, ಗೇರ್‌ಬಾಕ್ಸ್ ಬದಲಾಗಿದೆ, ಹಿಂದಿನ ಚಕ್ರಗಳಿಗೆ ಬಲ ತಲುಪಿಸುವ ವ್ಯವಸ್ಥೆಯೂ ಬದಲಾಗಿದೆ. ಒಂದೇ ತಲೆಮಾರಿನಲ್ಲೂ ದೇಶಕ್ಕೆ ತಕ್ಕಂತೆ 2.0 ಲೀಟರ್, 2.4 ಲೀಟರ್, ಡೀಸೆಲ್ ಎಂದು ಬೇರೆ ಬೇರೆ ಎಂಜಿನ್‌ಗಳಿವೆ. ಆದ್ದರಿಂದ ಹೆಸರು, ಇಸವಿಗಳ ಜೊತೆಗೆ ಎಂಜಿನ್ ಮೇಲೆ ಕೊರೆದಿರುವ ಕೋಡನ್ನೂ ಬರೆದುಕೊಂಡು, ಆ ಎಂಜಿನ್‌ನ ಕಾಯಿಲೆಗಳೇನು ಎಂದು ನೋಡಿ. ಉಳಿದವರ ಹೊಗಳಿಕೆ, ದೂರು ಎರಡೂ ನಿಮ್ಮ ಮುಂದೆ ನಿಂತಿರುವ ಗಾಡಿಗೆ ಸಂಬಂಧಪಡದೆ ಇರಬಹುದು.

ಈಗ ಆ ಕಂಪ್ರೆಸರ್ ವಿಷಯ. 2001ರ ಕೊನೆಯಿಂದ 2006ರವರೆಗೆ ಬಂದ ಎರಡನೇ ತಲೆಮಾರಿನಲ್ಲಿ ಎಸಿ ಕಂಪ್ರೆಸರ್ ಒಳಗಿಂದಲೇ ಸವೆದು ಪುಡಿಯಾಗುವುದು ಹೆಸರಾದ ಕಾಯಿಲೆ. ಮೂರನೇ ತಲೆಮಾರಿನ ಮೊದಲ ವರ್ಷಗಳಲ್ಲೂ ಕಂಡಿದೆ. ಕಂಪ್ರೆಸರ್ ಸುಮ್ಮನೆ ನಿಂತುಬಿಟ್ಟರೆ ಅಷ್ಟು ತೊಂದರೆಯಿಲ್ಲ. ಅದು ಪುಡಿಯಾದಾಗ ಲೋಹದ ಚೂರೂ ಕಪ್ಪು ಕೆಸರಿನಂಥ ಎಣ್ಣೆಯೂ ಗ್ಯಾಸ್ ಜೊತೆ ಹರಿದು, ಗ್ಯಾಸನ್ನು ತಣಿಸುವ ಕಂಡೆನ್ಸರ್‌ನ ಸಣ್ಣ ಕೊಳವೆಗಳಲ್ಲಿ, ಅದರ ಹರಿವನ್ನು ಹತೋಟಿಯಲ್ಲಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಬಾಯಲ್ಲಿ ಕೂರುತ್ತವೆ. ಹೀಗಾದ ಮೇಲೆ ಕಂಪ್ರೆಸರ್ ಒಂದನ್ನೇ ಬದಲಿಸಿ ಆರ್-134ಎ ಗ್ಯಾಸ್ ತುಂಬಿದರೆ, ಉಳಿದ ಚೂರುಗಳು ತಿರುಗಿ ಬಂದು ಹೊಸದನ್ನೂ ತಿಂದುಹಾಕುತ್ತವೆ. ಸರಿಯಾದ ಕೆಲಸದಲ್ಲಿ ಕಂಪ್ರೆಸರ್, ಕಂಡೆನ್ಸರ್, ತೇವ ಹೀರುವ ಡ್ರೈಯರ್, ಎಕ್ಸ್‌ಪ್ಯಾನ್ಷನ್ ವಾಲ್ವ್ ನಾಲ್ಕೂ ಹೊಸದಾಗಬೇಕು. ಪೈಪುಗಳನ್ನು ಫ್ಲಶ್ ಮಾಡಬೇಕು, ಚೂರು ಬಿಡದ ಪೈಪನ್ನು ಬದಲಿಸಬೇಕು. ಕಂಡೆನ್ಸರನ್ನು ತೊಳೆದು ಮತ್ತೆ ಹಾಕಿದರೆ ಸಾಕು ಎನ್ನುವವರನ್ನು ನಂಬಬೇಡಿ. ಅಷ್ಟು ಸಣ್ಣ ಕೊಳವೆಗಳು ಪೂರ್ತಿ ಸ್ವಚ್ಛವಾಗುವುದಿಲ್ಲ.

ಹಾಗಾಗಿ "ಹೊಸ ಕಂಪ್ರೆಸರ್" ಎಂದವರಿಗೆ ಕೇಳಬೇಕಾದ ಪ್ರಶ್ನೆ ಒಂದೇ: ಬಿಲ್‌ನಲ್ಲಿ ಕಂಡೆನ್ಸರ್ ಇದೆಯೇ? ಬಿಲ್ ಇಲ್ಲವೆಂದರೆ ಗ್ರಿಲ್‌ನ ಸಂದಿಯಿಂದ ನೋಡಿ. ಹೊಳೆಯುವ ಕಂಪ್ರೆಸರ್ ಮುಂದೆ ವರ್ಷಗಟ್ಟಲೆ ದೂಳು ತಿಂದ ಕಂಡೆನ್ಸರ್ ಇದ್ದರೆ ಉತ್ತರ ಸಿಕ್ಕಂತೆಯೇ. ಅಂಥ ಗಾಡಿ ಬೇಕೇಬೇಕು ಎನಿಸಿದರೆ ಇಡೀ ಎಸಿ ವ್ಯವಸ್ಥೆಯ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ನಮ್ಮ ಅಭಿಪ್ರಾಯದಲ್ಲಿ, ಹೀಗೆ ಅರ್ಧ ರಿಪೇರಿಯಾದ ಗಾಡಿಗಿಂತ ಹಳೇ ಕಂಪ್ರೆಸರ್‌ನಲ್ಲೇ ಸದ್ದಿಲ್ಲದೆ ತಂಪು ಕೊಡುತ್ತಿರುವ ಗಾಡಿ ಎಷ್ಟೋ ವಾಸಿ.

ಎರಡನೆಯದು ಡಿಫರೆನ್ಷಿಯಲ್, ಅಂದರೆ ಎಡ ಬಲ ಚಕ್ರಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆಯ ಆಯಿಲ್. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಮೊದಲ ಮೂರು ತಲೆಮಾರಿನ ಗಾಡಿಗಳಲ್ಲಿ ಹಿಂದಿನ ಡಿಫರೆನ್ಷಿಯಲ್ ಒಳಗೆ ಎರಡು ಎಣ್ಣೆ ಪಂಪುಗಳಿರುತ್ತವೆ. ಒಂದು ಮುಂದಿನ ಚಕ್ರಗಳ ವೇಗದಲ್ಲಿ ತಿರುಗುತ್ತದೆ, ಇನ್ನೊಂದು ಹಿಂದಿನ ಚಕ್ರಗಳ ವೇಗದಲ್ಲಿ. ಎರಡರ ವೇಗ ಒಂದೇ ಆಗಿದ್ದರೆ ಒತ್ತಡ ಹುಟ್ಟುವುದಿಲ್ಲ. ಮುಂದಿನ ಚಕ್ರ ಜಾರಿ ವೇಗವಾಗಿ ತಿರುಗಿದರೆ ಎಣ್ಣೆಯ ಒತ್ತಡ ಏರಿ, ಕ್ಲಚ್ ತಟ್ಟೆಗಳು ಒತ್ತಿಕೊಂಡು ಹಿಂದಿನ ಚಕ್ರಕ್ಕೂ ಬಲ ಸಿಗುತ್ತದೆ. ಒಂದೇ ಎಣ್ಣೆ ಇಲ್ಲಿ ಪಂಪ್ ಓಡಿಸಬೇಕು, ಕ್ಲಚ್ ಹಿಡಿಸಬೇಕು, ಗೇರ್‌ಗೂ ಜಿಡ್ಡಾಗಬೇಕು. ಅದಕ್ಕೆಂದೇ ಕಂಪನಿಯ ಡ್ಯುಯಲ್ ಪಂಪ್ ಫ್ಲೂಯಿಡ್ ಇದೆ. ಬೇಕಾಗುವುದು ಸುಮಾರು 1 ಲೀಟರ್ ಮಾತ್ರ. ಇದು ತಿಳಿಯದ ಮೆಕ್ಯಾನಿಕ್ ಮಾಮೂಲಿ 90 ಗ್ರೇಡ್ ಗೇರ್ ಆಯಿಲ್ ಸುರಿದರೆ ತಟ್ಟೆಗಳು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡುತ್ತವೆ. ತಿರುವಿನಲ್ಲಿ ಕೇಳುವ ನರಳಾಟ ಅದೇ. ಮೇಲೆ ಹೇಳಿದ ಗಾಡಿಯಲ್ಲಿ ಆದದ್ದೂ ಇದೇ: ಆಯಿಲ್ ಬದಲಿಸಿದ್ದು ನಿಜ, ತುಂಬಿದ ಆಯಿಲ್ ಮಾತ್ರ ಬೇರೆ.

ಪರೀಕ್ಷೆ ಸುಲಭ. ಖಾಲಿ ಜಾಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ, ನಡೆಯುವ ವೇಗದಲ್ಲಿ ಎಂಟರ ಆಕಾರದಲ್ಲಿ ಓಡಿಸಿ. ಎಣ್ಣೆ ಬಿಸಿಯಾದ ಮೇಲೆ ಸದ್ದು ಹೆಚ್ಚು ಸ್ಪಷ್ಟವಾಗುವುದರಿಂದ ಸ್ವಲ್ಪ ದೂರ ಹೋಗಿಬಂದ ಮೇಲೂ ಒಮ್ಮೆ ಮಾಡಿ. ಸದ್ದು ಬಂದಿತೆಂದು ಗಾಡಿ ಬಿಟ್ಟುಬರಬೇಕಾಗಿಲ್ಲ. ಬಹಳಷ್ಟು ಸಲ ಸರಿಯಾದ ಎಣ್ಣೆ ಹಾಕಿ, ಮತ್ತೆ ಎಂಟು ಹೊಡೆದು, ಎಣ್ಣೆ ಕಪ್ಪಾಗಿದ್ದರೆ ಇನ್ನೊಮ್ಮೆ ಬದಲಿಸಿದರೆ ಸದ್ದು ಅಡಗುತ್ತದೆ. ಬದಲಿಸುವಾಗ ಮೇಲಿನ ಫಿಲ್ಲರ್ ಪ್ಲಗ್ಗನ್ನು ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಎಣ್ಣೆ ಚೆಲ್ಲಿದ ಮೇಲೆ ಮೇಲಿನದು ತುಕ್ಕು ಹಿಡಿದು ಅಲುಗದಿದ್ದರೆ ಗಾಡಿ ಅಲ್ಲೇ ನಿಲ್ಲಬೇಕಾಗುತ್ತದೆ. ಗಾಡಿ ಸಮತಟ್ಟಾಗಿ ನಿಂತಿರಲಿ, ಫಿಲ್ಲರ್ ತೂತಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ತುಂಬಿ, ವಾಷರ್ ಎರಡೂ ಹೊಸದಿರಲಿ.

ಇದೇ ಕಾರಣಕ್ಕೆ ಟೈರುಗಳನ್ನೂ ನೋಡಿ. ಮುಂದೆ ಸವೆದದ್ದು, ಹಿಂದೆ ಹೊಸದು ಇದ್ದರೆ ಎರಡರ ಸುತ್ತಳತೆ ಬೇರೆಯಾಗುತ್ತದೆ. ನೇರ ರಸ್ತೆಯಲ್ಲೂ ಪಂಪುಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಕ್ಲಚ್ ಸದಾ ಅರೆಬರೆ ಒತ್ತಿಕೊಂಡೇ ಇರುತ್ತದೆ. ಎಣ್ಣೆ ಸುಡುವುದು ಹೀಗೆ. "ಎರಡು ಹೊಸ ಟೈರ್ ಹಾಕ್ಸಿದೀವಿ" ಎನ್ನುವುದೂ ಈ ಗಾಡಿಯಲ್ಲಿ ಸಂತೋಷದ ಸುದ್ದಿಯಲ್ಲ.

ಮೂರನೆಯ ಮಾತು, ಬಿಸಿ ಮಾಡಿಟ್ಟ ಎಂಜಿನ್. ಇದಕ್ಕೆ ಯಾವ ತಲೆಮಾರಿನಲ್ಲೂ ಒಪ್ಪಬೇಡಿ. "ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಹಿಂದಿನ ದಿನವೇ ಹೇಳಿ, ಹೋದೊಡನೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಎದ್ದುಬನ್ನಿ. ತಣ್ಣಗಿನ ಎಂಜಿನ್ ಹೇಳುವ ಸತ್ಯವನ್ನು ಬಿಸಿ ಎಂಜಿನ್ ಹೇಳುವುದಿಲ್ಲ.

1995ರಿಂದ 2001ರವರೆಗಿನ ಮೊದಲ ತಲೆಮಾರಿನ ಬಿ20 ಎಂಜಿನ್‌ನಲ್ಲಿ ಅದು ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್‌ಗಳ ಸತ್ಯ. ವಾಲ್ವ್‌ಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಸಂದು ಕಾಲಕ್ರಮೇಣ ಕಡಿಮೆಯಾಗುತ್ತಾ ಹೋಗುತ್ತದೆ. ತಣ್ಣಗಿದ್ದಾಗ, ಗಾಳಿ ಒಳಬಿಡುವ ಇನ್‌ಟೇಕ್ ವಾಲ್ವ್‌ಗೆ 0.08ರಿಂದ 0.12 ಮಿ.ಮೀ., ಎಕ್ಸಾಸ್ಟ್‌ಗೆ 0.16ರಿಂದ 0.20 ಮಿ.ಮೀ. ಇರಬೇಕು. ಸಂದು ಪೂರ್ತಿ ಹೋದರೆ ವಾಲ್ವ್ ಮುಚ್ಚಿಕೊಳ್ಳುವುದೇ ಇಲ್ಲ, ಬೆಂಕಿ ಸೋರಿ ಅಂಚು ಸುಟ್ಟುಹೋಗುತ್ತದೆ. ಇಲ್ಲಿಯ ಮೋಸವೆಂದರೆ, ಸಂದು ಕಡಿಮೆಯಾದಷ್ಟೂ ಎಂಜಿನ್ ನಿಶ್ಶಬ್ದವಾಗುತ್ತದೆ. ಸಣ್ಣ ಟಿಕ್ ಟಿಕ್ ಕೇಳಿಸುವ ಎಂಜಿನ್‌ಗಿಂತ ಏನೂ ಕೇಳಿಸದ ಎಂಜಿನ್ ಮೇಲೆ ಹೆಚ್ಚು ಅನುಮಾನವಿರಲಿ. ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ನಾಲ್ಕು ಸಿಲಿಂಡರ್‌ಗಳ ನಡುವೆ 200 ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಹೆಡ್ ಬಿಚ್ಚುವ ಕೆಲಸ ಕಾದಿದೆ. ಈ ಎಂಜಿನ್‌ಗೆ ಇರುವುದು ಚೈನ್ ಅಲ್ಲ, ಟೈಮಿಂಗ್ ಬೆಲ್ಟ್. ಬದಲಿಸಿದ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕಹಾಕಿ.

ಎರಡನೇ ತಲೆಮಾರಿನಿಂದ ಟೈಮಿಂಗ್ ಚೈನ್ ಬಂತು. ವಾಲ್ವ್ ಸಂದಿಯ ಕೆಲಸ ಮಾತ್ರ ಉಳಿಯಿತು. ಬೆಳಗಿನ ಆ ನಡುಕಕ್ಕೆ ಕಾರಣ ಸಿಕ್ಕಿದ್ದೂ ಅಲ್ಲೇ.

ಮೂರನೇ ತಲೆಮಾರಿಗೆ ಬಂದರೆ, ಹಿಂದಿನ ಬಾಗಿಲ ಮೇಲಿದ್ದ ಸ್ಟೆಪ್ನಿ ಹೋಗಿ ಬಾಗಿಲು ಮೇಲಕ್ಕೆ ತೆರೆಯುವಂತಾಯಿತು. ಮನೆಮಂದಿಗೆ ಇದು ಅನುಕೂಲವೇ. 2010 ಮತ್ತು 2011ರ 2.4 ಲೀಟರ್ ಗಾಡಿಗಳಲ್ಲಿ, ಅಂದರೆ ಕೆ24ಜಡ್6 ಎಂಜಿನ್‌ನಲ್ಲಿ, ಪಿಸ್ಟನ್ ರಿಂಗ್ ದಾಟಿ ಆಯಿಲ್ ಸುಡುವ ದೂರು ಇದೆ. ಇಲ್ಲಿ ಅಪಾಯದ ಹೊಗಳಿಕೆ "ಆಯಿಲ್ ಈಗಷ್ಟೇ ಚೇಂಜ್ ಮಾಡ್ಸಿದೀವಿ" ಎನ್ನುವುದು. ಹೊಸ ಆಯಿಲ್ ತುಂಬಿದ ಡಿಪ್‌ಸ್ಟಿಕ್ ಏನನ್ನೂ ಹೇಳುವುದಿಲ್ಲ. ಆಯಿಲ್ ಹಾಕಿ ಸಾವಿರಾರು ಕಿ.ಮೀ. ಓಡಿದ ಗಾಡಿಯಲ್ಲಿ ಮಟ್ಟ ಎಷ್ಟಿದೆ ಎಂಬುದಷ್ಟೇ ಸಾಕ್ಷಿ. ಒಟ್ಟು ಹಿಡಿಯುವುದೇ 4.2 ಲೀಟರ್, ಅದರಲ್ಲಿ ಒಂದೂವರೆ ಲೀಟರ್ ಮಾಯವಾದರೆ ಚೈನ್‌ಗೂ ಕ್ಯಾಮ್‌ಗೂ ಕಷ್ಟ. ಡಿಕ್ಕಿಯಲ್ಲಿ ಅರ್ಧ ಖಾಲಿಯಾದ ಆಯಿಲ್ ಡಬ್ಬಿ ಇದೆಯೇ ನೋಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿಸಿ ತುದಿಯಲ್ಲಿ ಎಣ್ಣೆಮಸಿ ಕೂತಿದೆಯೇ ನೋಡಿ.

ಈ ತಲೆಮಾರಿನಲ್ಲಿ ಪ್ರಾಣದ ಮಾತು ಎರಡಿವೆ. ಒಂದು, ಎರಡನೇ ತಲೆಮಾರೂ ಸೇರಿ 2002ರಿಂದ 2011ರವರೆಗಿನ ಸಿಆರ್-ವಿಗಳು ತಕಾತಾ ಕಂಪನಿಯ ಏರ್‌ಬ್ಯಾಗ್ ರೀಕಾಲ್‌ನಲ್ಲಿವೆ, ಅಂದರೆ ದೋಷ ಸರಿಪಡಿಸಲು ಕಂಪನಿಯೇ ಗಾಡಿಗಳನ್ನು ವಾಪಸ್ ಕರೆದಿದೆ. ಏರ್‌ಬ್ಯಾಗ್ ಉಬ್ಬಿಸುವ ಇನ್‌ಫ್ಲೇಟರ್ ಒಡೆದರೆ ಲೋಹದ ಚೂರುಗಳು ಕೂತವರ ಮೇಲೆ ಹಾರುತ್ತವೆ. ಚಾಸಿಸ್ ನಂಬರ್ ಹಾಕಿ ರೀಕಾಲ್ ಕೆಲಸ ಮುಗಿದಿದೆಯೇ ಎಂದು ನೋಡದೆ ಮಕ್ಕಳನ್ನು ಕೂರಿಸಬೇಡಿ. ಇನ್ನೊಂದು, 2007ರಿಂದ 2011ರ ಗಾಡಿಗಳಲ್ಲಿ ಹಿಂದಿನ ಚಕ್ರವನ್ನು ಹಿಡಿದಿಡುವ ಟ್ರೇಲಿಂಗ್ ಆರ್ಮ್ ಕೂರುವ ಫ್ರೇಮ್ ಭಾಗಕ್ಕೆ ತುಕ್ಕು ಹಿಡಿದು ಆರ್ಮ್ ಕಳಚಬಹುದೆಂದು 2023ರಲ್ಲಿ ಅಮೆರಿಕದ, ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಲ್ಲಿ ರೀಕಾಲ್ ಆಯಿತು. ಉಪ್ಪು ಬಿದ್ದ ರಸ್ತೆಯಲ್ಲೋ ಸಮುದ್ರದ ಪಕ್ಕದಲ್ಲೋ ಓಡಿದ ಗಾಡಿಯಾದರೆ ಲಿಫ್ಟ್ ಮೇಲೇರಿಸಿ ಆ ಜಾಗವನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಬೇಕು. ಅಡಿಭಾಗಕ್ಕೆ ಈಚೆಗೆ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಇನ್ನೂ ಎಚ್ಚರ ಬೇಕು, ಅದರ ಕೆಳಗೆ ಏನಿದೆಯೋ ಕಾಣುವುದಿಲ್ಲ.

ನಾಲ್ಕನೇ ತಲೆಮಾರನ್ನು ಒಂದೇ ಗಾಡಿಯೆಂದು ಎಣಿಸುವುದು ತಪ್ಪು. ಉತ್ತರ ಅಮೆರಿಕದಲ್ಲಿ 2012ರಿಂದ 2014ರವರೆಗೆ ಬಂದದ್ದು 5 ಗೇರಿನ ಆಟೊಮ್ಯಾಟಿಕ್. 2015ಕ್ಕೆ ಹೊರಗಿನ ರೂಪ ಹೆಚ್ಚುಕಡಿಮೆ ಅದೇ, ಒಳಗೆ ಪೆಟ್ರೋಲನ್ನು ನೇರ ಸಿಲಿಂಡರ್‌ಗೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ ಮತ್ತು ಗೇರ್ ಹಂತಗಳಿಲ್ಲದ ಆಟೊಮ್ಯಾಟಿಕ್ ಆದ ಸಿವಿಟಿ. ಮೊದಲನೆಯದಕ್ಕೆ ಡಿಡಬ್ಲ್ಯು-1 ಎಣ್ಣೆ, ಎರಡನೆಯದಕ್ಕೆ ಎಚ್‌ಸಿಎಫ್-2. ಅದಲು ಬದಲಾದರೆ ಗೇರ್‌ಬಾಕ್ಸ್‌ಗೆ ಕುತ್ತು. 2014ರವರೆಗಿನ 2.4ರಲ್ಲಿ ರಾತ್ರಿಯಿಡೀ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಂದೆರಡು ಸೆಕೆಂಡ್ "ಗರ್ರ್" ಎಂಬ ಸದ್ದು ಬರುತ್ತದೆ. ಅದು ವಾಲ್ವ್ ತೆರೆಯುವ ಸಮಯ ಬದಲಿಸುವ, ಕ್ಯಾಮ್ ತುದಿಯ ವಿಟಿಸಿ ಆಕ್ಚುವೇಟರ್. ಒಳಗಿನ ಲಾಕ್ ಪಿನ್ ಹಿಡಿಯದೆ, ಆಯಿಲ್ ಒತ್ತಡ ಏರುವವರೆಗೆ ಬಡಿದುಕೊಳ್ಳುತ್ತದೆ. ಬದಲಿಸುವಾಗ ಚೈನ್ ಹಿಗ್ಗಿದೆಯೇ ಎಂದೂ ನೋಡಿಸಿ. 2015ರ ಗಾಡಿಯ ದೂರು ನಡುಕದ್ದು. ಎಂಜಿನ್ ಬಿಸಿಯಾದ ಮೇಲೆ ಡಿ ಗೇರಿನಲ್ಲಿ ಬ್ರೇಕ್ ಒತ್ತಿ ನಿಂತು, ಎಸಿ ಹಾಕಿ, ಸೀಟು ಮತ್ತು ಸ್ಟೀರಿಂಗ್ ನಡುಗುತ್ತದೆಯೇ ಗಮನಿಸಿ. ನಡುಕ ಹೀರುವ ಎಂಜಿನ್ ಮೌಂಟ್ ಹೊಸದು ಹಾಕಿಸಿದ್ದೇವೆ ಎಂದರೂ ನೀವೇ ಕೂತು ನೋಡಿ.

ಐದನೇ ತಲೆಮಾರಿನಲ್ಲಿ ಜನ ಹೆಚ್ಚು ಮರುಳಾಗುವುದು "ಕಡಿಮೆ ಓಡಿದ ಗಾಡಿ" ಎಂಬ ಮಾತಿಗೆ. 1.5 ಟರ್ಬೊ ಎಂಜಿನ್‌ನ ತೊಂದರೆಯೇ ಕಡಿಮೆ ಓಡುವುದು. ಚಳಿಯಲ್ಲಿ ಎರಡು ಮೂರು ಕಿ.ಮೀ. ಹೋಗಿ ನಿಲ್ಲಿಸಿದರೆ ಎಂಜಿನ್ ಬಿಸಿಯೇ ಆಗುವುದಿಲ್ಲ. ನೇರವಾಗಿ ಸಿಲಿಂಡರ್‌ಗೆ ಸಿಂಪಡಿಸಿದ ಪೆಟ್ರೋಲ್ ಗೋಡೆಗಂಟಿ ರಿಂಗ್ ದಾಟಿ ಆಯಿಲ್‌ಗೆ ಇಳಿಯುತ್ತದೆ, ಆವಿಯಾಗಿ ಹೋಗಲು ಸಮಯ ಸಿಗುವುದಿಲ್ಲ. ಆಯಿಲ್ ಹಿಡಿಯುವುದೇ ಸುಮಾರು 3.5 ಲೀಟರ್ ಆದ್ದರಿಂದ ಸ್ವಲ್ಪ ಪೆಟ್ರೋಲ್ ಸೇರಿದರೂ ಬೇಗ ತೆಳುವಾಗುತ್ತದೆ. ಚೀನಾದಲ್ಲಿ 2018ರಲ್ಲಿ ಇದಕ್ಕಾಗಿಯೇ ರೀಕಾಲ್ ನಡೆಯಿತು. ಡಿಪ್‌ಸ್ಟಿಕ್ ಎಳೆದು ನೋಡಿ: ಮಟ್ಟ ಮೇಲಿನ ಗುರುತನ್ನು ದಾಟಿದ್ದರೆ, ಮೂಗಿಗೆ ಪೆಟ್ರೋಲ್ ಹೊಡೆದರೆ, ಮೀಟರ್‌ನಲ್ಲಿ ಎಷ್ಟೇ ಕಡಿಮೆ ಕಿ.ಮೀ. ಇದ್ದರೂ ಬೇಡ. ಹೆದ್ದಾರಿಯಲ್ಲಿ ಓಡಿ ಎರಡರಷ್ಟು ಕಿ.ಮೀ. ತೋರಿಸುವ ಗಾಡಿಯೇ ಇಲ್ಲಿ ಮೇಲು.

ಇದೇ ಎಂಜಿನ್‌ಗೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಹೆಡ್ ಕೆಳಗಿನ ಸೀಲ್, ಸೋರುವ ದೂರೂ ಇದೆ. ಹೊರಗೆಲ್ಲೂ ಸೋರಿಕೆ ಕಾಣದೆ ಕೂಲಂಟ್ ಇಳಿಯುತ್ತದೆ, ತಣ್ಣಗಿನ ಸ್ಟಾರ್ಟ್‌ಗೆ ಮಿಸ್ ಹೊಡೆಯುತ್ತದೆ. ಮಾರುವ ದಿನ ಕೂಲಂಟ್ ತುಂಬಿಟ್ಟರೆ ಮುಗಿಯಿತು, ಕಣ್ಣಿಗೆ ಏನೂ ಕಾಣದು. ಅದಕ್ಕೆ ಎಂಜಿನ್ ತಣ್ಣಗಿರುವಾಗ ಕ್ಯಾಪ್ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಗಂಟೆಗಟ್ಟಲೆ ಬಿಟ್ಟು, ಪ್ಲಗ್ ತೂತಿನಿಂದ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ಪಿಸ್ಟನ್ ತಲೆ ಒದ್ದೆಯಾಗಿದೆಯೇ ನೋಡಿಸಬೇಕು. ಗಾಡಿಯ ದೋಷದ ಕೋಡ್ ಓದುವ ಸ್ಕ್ಯಾನರ್ ಹಾಕಿದಾಗ "ಕೋಡ್ ಇಲ್ಲ" ಎಂದರೆ ಸುಮ್ಮನಾಗಬೇಡಿ. ಕೋಡ್ ಅಳಿಸಿದ ಮೇಲೆ ಗಾಡಿ ಎಷ್ಟು ಕಿ.ಮೀ. ಓಡಿದೆ ಎಂಬುದನ್ನು ಅದೇ ಸ್ಕ್ಯಾನರ್ ತೋರಿಸುತ್ತದೆ. ಅದು ಹತ್ತಿಪ್ಪತ್ತು ಕಿ.ಮೀ. ಇದ್ದರೆ ನೀವು ಬರುವ ಮುನ್ನ ಯಾರೋ ಅಳಿಸಿದ್ದಾರೆ.

2.0 ಹೈಬ್ರಿಡ್‌ಗೆ ಟರ್ಬೊ ಇಲ್ಲ, ಹಾಗಾಗಿ ಮೇಲಿನ ಎರಡು ದೂರುಗಳನ್ನು ಅದಕ್ಕೆ ಅಂಟಿಸಬೇಕಿಲ್ಲ. ಸ್ಟೆಪ್ನಿ ಇದೆಯೇ ಎಂದು ಮಾತ್ರ ನೋಡಿ, ಹಲವೆಡೆ ಹೈಬ್ರಿಡ್‌ಗೆ ಕೊಟ್ಟಿಲ್ಲ.

ಆರನೆಯದು ಇನ್ನೂ ಹೊಸದು. 2024ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಎರಡು ರೀಕಾಲ್‌ಗಳು ಬಂದವು: ನೇರ ಓಡುವಾಗ ಸ್ಟೀರಿಂಗ್ ಒಂದೆಡೆ ಅಂಟಿದಂತಾಗುವುದಕ್ಕೆ ಒಂದು, ಹೈಬ್ರಿಡ್‌ಗಳ ಹೈ ಪ್ರೆಷರ್ ಪೆಟ್ರೋಲ್ ಪಂಪ್ ಬಿರುಕುಬಿಡಬಹುದೆಂದು ಇನ್ನೊಂದು. ಹೆದ್ದಾರಿ ವೇಗದಲ್ಲಿ ಸ್ಟೀರಿಂಗನ್ನು ಒಂದಿಷ್ಟೇ ಆಚೀಚೆ ಮಾಡಿ, ತಡೆತಡೆದು ಕದಲುತ್ತದೆಯೇ ಗಮನಿಸಿ. ಗಾಡಿಯೊಳಗೆ ಪೆಟ್ರೋಲ್ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಎರಡೂ ಕೆಲಸ ಆಗಿದೆಯೇ ಎಂಬುದು ಚಾಸಿಸ್ ನಂಬರ್‌ನಿಂದ ತಿಳಿಯುತ್ತದೆ, ಆಗಿರದಿದ್ದರೆ ಮಾರುವವರೇ ಮಾಡಿಸಿಕೊಡಲಿ. ಆಮೇಲೆ ಹಣ ಕೊಡಿ.