ತಾಮ್ರವೋ ಸೀಸವೋ: ಜಿಂಕೆ ಬೇಟೆಗೆ ನಾಲ್ಕು ಥರದ ಗುಂಡು ತುಂಬಿ ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ತಾಮ್ರದ ಗುಂಡಿಗೆ. ಅದಕ್ಕೆ ಕಾರಣ ಸಿಕ್ಕಿದ್ದು ನಮ್ಮ ಊಟದ ಮೇಜಿನ ಮೇಲೆ. ಮೂರು ವರ್ಷದ ಹಿಂದೆ ಹೊಡೆದ ಜಿಂಕೆಯ ಖೀಮಾ ಉಂಡೆ ತಿನ್ನುತ್ತಿದ್ದ ಮಗಳು ಬಾಯಿಂದ ಏನೋ ತೆಗೆದು ತಟ್ಟೆಯ ಅಂಚಿಗಿಟ್ಟಳು. ಮೂಳೆ ಚೂರು ಇರಬೇಕು ಅಂದುಕೊಂಡೆ. ಉಗುರಿಂದ ಒತ್ತಿದರೆ ಗೆರೆ ಬಿತ್ತು. ಸೀಸ! ಫ್ರೀಜರ್‌ನಲ್ಲಿದ್ದ ಹದಿನೆಂಟು ಪೊಟ್ಟಣ ಖೀಮಾ ಅವತ್ತು ರಾತ್ರಿಯೇ ಕಸಕ್ಕೆ ಹೋಯಿತು. ಹೆಂಡತಿ ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು.

ನಾನಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕೊಪ್ಪದ ಕಡೆಯವನು, ಹಾಗಾಗಿ ಕೋವಿ ಹೊಸದಲ್ಲ. ಅಜ್ಜನ ಹತ್ತಿರ ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಗಿಡಿದು, ಚರೆ ಹಾಕುತ್ತಿದ್ದರು. ನಾನು ಈಗ ಗ್ಯಾರೇಜಿನಲ್ಲಿ ಕೂತು ಮಾಡುವುದೂ ಹೆಚ್ಚುಕಮ್ಮಿ ಅದೇ ಕೆಲಸ, ಸ್ವಲ್ಪ ಜಾಸ್ತಿ ಅಳತೆ ಇಟ್ಟುಕೊಂಡು. ಒಮ್ಮೆ ಹೊಡೆದ ತೋಟಾದ ಖಾಲಿ ಹಿತ್ತಾಳೆ ಕೊಳವೆಯನ್ನು, ಅಂದರೆ ಕೇಸನ್ನು, ಮತ್ತೆ ಸರಿಯಾದ ಅಳತೆಗೆ ತರಬೇಕು, ಮದ್ದಿಗೆ ಕಿಡಿ ಹತ್ತಿಸುವ ಹೊಸ ಪ್ರೈಮರ್ ಒತ್ತಬೇಕು, ಮದ್ದು ತೂಗಿ ಹಾಕಬೇಕು, ಕೊನೆಗೆ ಮೇಲಿಂದ ಗುಂಡು ಕೂರಿಸಬೇಕು. ಊರಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ 1972ರ ವನ್ಯಜೀವಿ ಕಾನೂನು ಬಂದ ಮೇಲೆ ಜಿಂಕೆ ಹೊಡೆದರೆ ಜೈಲೇ ಗತಿ. ಇಲ್ಲಿ ಲೈಸೆನ್ಸು, ಹೊಡೆದ ಜಿಂಕೆಗೆ ಕಟ್ಟುವ ಟ್ಯಾಗು, ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ ಜಾಕೆಟ್ಟು, ಎಲ್ಲ ಇರಬೇಕು.

ನನ್ನದು .308 ವಿಂಚೆಸ್ಟರ್ ಅಳತೆಯ ತೋಟಾ ಹಾರಿಸುವ ರೈಫಲ್. ನಾಲ್ಕು ಥರದ ಗುಂಡು ತುಂಬಿ ನೋಡಿದ್ದೇನೆ, ಎಲ್ಲ 150 ಗ್ರೇನ್ ಆಸುಪಾಸಿನವು. ಅಂದರೆ ಹತ್ತು ಗ್ರಾಮಿಗೆ ಸ್ವಲ್ಪ ಕಮ್ಮಿ.

ಮೊದಲು ನನ್ನ ದಡ್ಡತನ. ಶುರುವಿನಲ್ಲಿ ಸ್ಪರ್ಧೆಗೆ ಬಳಸುವ ಮ್ಯಾಚ್ ಗುಂಡು ಕೊಂಡಿದ್ದೆ. ನೂರು ಗಜದಲ್ಲಿ ಐದಕ್ಕೆ ಐದೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬೀಳುತ್ತಿದ್ದವು. ಇಷ್ಟು ನೇರ ಹೋಗುತ್ತದಲ್ಲ, ಇನ್ನೇನು ಬೇಕು ಅನ್ನಿಸಿತು. ತುದಿಯಲ್ಲಿ ಸಣ್ಣ ತೂತು ಬೇರೆ ಇತ್ತು, ಬೇಟೆ ಗುಂಡಿನ ಹಾಗೆ ಅದು ಅರಳುವುದಕ್ಕೇ ಇರಬೇಕು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಅಲ್ಲ. ಮ್ಯಾಚ್ ಗುಂಡಿನ ಕವಚವನ್ನು ಬುಡದಿಂದ ತುದಿಗೆ ಎಳೆದು ಮುಚ್ಚುತ್ತಾರೆ, ಮುಚ್ಚಿ ಉಳಿದ ಬಾಯಿಯೇ ಆ ತೂತು. ಮೈಯೊಳಗೆ ಹೋದ ಮೇಲೆ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. ಅರವತ್ತು ಗಜದಲ್ಲಿ ಹೆಗಲಿಗೆ ಬಿದ್ದ ಗುಂಡು ಅಲ್ಲೇ ಚೂರುಚೂರಾಯಿತು. ಜಿಂಕೆ ಬಿತ್ತು, ನಿಜ. ಆದರೆ ಮುಂಗಾಲಿನ ಇಡೀ ಮಾಂಸ ರಕ್ತ ಹೆಪ್ಪುಗಟ್ಟಿ ಜೆಲ್ಲಿಯ ಹಾಗಾಗಿತ್ತು. ಚೆನ್ನಾಗಿ ಕಂಡದ್ದನ್ನೆಲ್ಲ ಕತ್ತರಿಸಿ ಖೀಮಾ ಮಾಡಿದೆ. ಮಗಳ ತಟ್ಟೆಗೆ ಬಂದದ್ದು ಅದೇ.

ಎರಡನೆಯದು ಸಾದಾ ಸೀಸದ ಗುಂಡು. ತಾಮ್ರದ ತೆಳು ಕವಚ, ಒಳಗೆ ಸೀಸ, ಮೂತಿಯಲ್ಲಿ ಸೀಸ ಹೊರಗೆ ಇಣುಕುತ್ತಿರುತ್ತದೆ. ನಾನು ಕೊಂಡಾಗ ನೂರಕ್ಕೆ ನಲವತ್ತು ಡಾಲರ್ ಹತ್ತಿರ ಬಿತ್ತು. ಪಕ್ಕದ ಮನೆಯ ಮುದುಕಪ್ಪ ಜೀವಮಾನವಿಡೀ ಇದನ್ನೇ ಹೊಡೆದವರು. ಅವರ ಫ್ರೀಜರೂ ಪ್ರತಿ ವರ್ಷ ತುಂಬುತ್ತದೆ, ಅವರಿಗೆ ನನ್ನ ಗೋಳು ಅರ್ಥವೇ ಆಗುವುದಿಲ್ಲ. ಆದರೆ ಅವರದು .30-30 ಅಳತೆಯ ತೋಟಾದ, ಸನ್ನೆ ಎಳೆದು ತೋಟಾ ಏರಿಸುವ ಲಿವರ್ ಕೋವಿ. ಅದರ ಗುಂಡು ನನ್ನದಕ್ಕಿಂತ ನಿಧಾನ, ಹಾಗಾಗಿ ಸೀಸ ಅಷ್ಟಾಗಿ ಒಡೆಯುವುದಿಲ್ಲ. ನನ್ನ .308ರಿಂದ ಅದೇ ಥರದ ಗುಂಡು ಹತ್ತಿರದಲ್ಲಿ ಬಿದ್ದರೆ ಜಾಸ್ತಿ ಸೀಸ ಉದುರಿಸುತ್ತದೆ. ಒಂದು ಸೀಸನ್ ನೋಡಿದೆ. ಮ್ಯಾಚ್ ಗುಂಡಿಗಿಂತ ಎಷ್ಟೋ ವಾಸಿ. ಆದರೂ ಗಾಯದ ಸುತ್ತ ಒಂದು ಗೇಣು ಮಾಂಸ ಕತ್ತರಿಸಿ ಬಿಸಾಡುವಾಗ ಕೈ ನಡುಗುತ್ತಿತ್ತು. ಇಷ್ಟು ಸಾಕಾ, ಇನ್ನೂ ಕತ್ತರಿಸಬೇಕಾ?

ಈ ಅನುಮಾನ ಸುಮ್ನೆ ಅಲ್ಲ. 2008ರಲ್ಲಿ ನಾರ್ತ್ ಡಕೋಟಾದಲ್ಲಿ ಬಡವರಿಗೆ ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸದ ಚೂರು ಸಿಕ್ಕಿತು, ಹಂಚಬೇಡಿ ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳಿತು. ಅದೇ ವರ್ಷ ಮಿನ್ನೆಸೋಟಾದವರು ಸತ್ತ ಕುರಿಗಳಿಗೆ ಬೇರೆಬೇರೆ ಗುಂಡು ಹೊಡೆದು ಎಕ್ಸ್‌ರೇ ತೆಗೆದರು. ಚೂರುಗಳು ಗಾಯದಿಂದ ಎಲ್ಲರೂ ಅಂದುಕೊಂಡದ್ದಕ್ಕಿಂತ ದೂರ ಹೋಗಿದ್ದವು. ಕಣ್ಣಿಗೆ ಕಾಣದಷ್ಟು ಸಣ್ಣವು ಬೇರೆ. ಕಾಡಲ್ಲಿ ಬಿಟ್ಟು ಬರುವ ಕರುಳನ್ನು ಹದ್ದುಗಳು ತಿನ್ನುತ್ತವಲ್ಲ, ಅವುಗಳ ಕಥೆ ಇನ್ನೂ ಕೆಟ್ಟದು. 2022ರಲ್ಲಿ ಬಂದ ಅಧ್ಯಯನ ಒಂದರಲ್ಲಿ ಇಲ್ಲಿನ ಬೋಳುತಲೆ ಹದ್ದು, ಹೊನ್ನ ಹದ್ದುಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರ ಮೂಳೆಯಲ್ಲಿ ಸೀಸದ ವಿಷ ಸೇರಿಕೊಂಡಿತ್ತು.

ಮೂರನೆಯದು ಬಾಂಡೆಡ್. ಒಳಗಿನ ಸೀಸವನ್ನು ಕವಚಕ್ಕೆ ಬೆಸೆದಿರುತ್ತಾರೆ, ನಾಸ್ಲರ್ ಕಂಪನಿಯವರ ಆಕ್ಯೂಬಾಂಡ್ ಹಾಗೆ. ಒಳ್ಳೆಯ ಗುಂಡು. ನಾನು ಒಂಟಿಯಾಗಿದ್ದಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ. ತೂಕದಲ್ಲಿ ಮೂರನೇ ಎರಡು ಭಾಗ ಉಳಿಸಿಕೊಳ್ಳುತ್ತದೆ ಅನ್ನುತ್ತಾರೆ. ಹಾಗಾದರೆ ಮಿಕ್ಕ ಒಂದು ಭಾಗ ಎಲ್ಲಿ ಹೋಯಿತು ಅಂತ ನಮ್ಮ ಮನೆಯವಳು ಕೇಳಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ನಾಲ್ಕನೆಯದೇ ಬಾರ್ನ್ಸ್ ಕಂಪನಿಯ ಟಿಟಿಎಸ್‌ಎಕ್ಸ್. ಸೀಸ ಒಂದು ಚೂರೂ ಇಲ್ಲ, ಪೂರ್ತಿ ತಾಮ್ರ, ತುದಿಯಲ್ಲಿ ನೀಲಿ ಪ್ಲಾಸ್ಟಿಕ್ ಮೊನೆ. ಒಳಗೆ ಹೋದೊಡನೆ ಮೂತಿ ನಾಲ್ಕು ಎಸಳಾಗಿ ಬಿಚ್ಚಿಕೊಳ್ಳುತ್ತದೆ, ಆದರೆ ಎಸಳು ಬುಡಕ್ಕೇ ಅಂಟಿಕೊಂಡಿರುತ್ತದೆ. ಹೋದ ವರ್ಷದ ಜಿಂಕೆಗೆ ಎಂಬತ್ತೈದು ಗಜದಲ್ಲಿ ಶ್ವಾಸಕೋಶಕ್ಕೆ ಬಿತ್ತು. ನಲವತ್ತು ಹೆಜ್ಜೆ ಓಡಿ ಮಲಗಿತು. ಗುಂಡು ಆ ಕಡೆಯಿಂದ ಹೊರಗೆ ಹೋಗಿತ್ತು. ಪಕ್ಕೆಲುಬಿನ ಮೇಲೆ ಹೆಬ್ಬೆಟ್ಟಿನಷ್ಟು ತೂತು, ಸುತ್ತ ಎರಡು ಬೆರಳು ಕಪ್ಪು. ಅಷ್ಟೇ. ತೂತಿನ ಅಂಚಿನವರೆಗೂ ತಿಂದೆವು.

ಹಾಗಂತ ಇದು ಸುಲಭಕ್ಕೆ ಒಗ್ಗಲಿಲ್ಲ. ಒಂದೂವರೆ ತಿಂಗಳು ನಿದ್ದೆ ಕೆಡಿಸಿತು.

ತಾಮ್ರ ಸೀಸಕ್ಕಿಂತ ಹಗುರ. ಅದೇ 150 ಗ್ರೇನ್ ಬೇಕಾದರೆ ಗುಂಡು ಉದ್ದ ಆಗಲೇಬೇಕು. ಉದ್ದ ಗುಂಡು ಕೇಸಿನೊಳಗೆ ಜಾಸ್ತಿ ಜಾಗ ತಿನ್ನುತ್ತದೆ, ಒತ್ತಡ ಏರುತ್ತದೆ. ಅದಕ್ಕೇ ಸೀಸದ ಗುಂಡಿನ ಮದ್ದಿನ ಲೆಕ್ಕವನ್ನು ಇದಕ್ಕೆ ಹಾಕಲೇಬಾರದು. ಆ ಗುಂಡಿಗೇ ಅಂತ ಕೊಟ್ಟ ಪುಸ್ತಕದ ಲೆಕ್ಕ ನೋಡಿ, ಕಮ್ಮಿಯಿಂದ ಶುರು ಮಾಡಿ ಮೇಲೆ ಬರಬೇಕು. ಇಷ್ಟು ನನಗೆ ಗೊತ್ತಿತ್ತು, ಹಾಗೇ ಮಾಡಿದೆ. ಆದರೂ ಶೂಟಿಂಗ್ ರೇಂಜಿನಲ್ಲಿ ಮೂರು ಗುಂಡು ಮೂರು ದಿಕ್ಕಿಗೆ. ನೂರು ಗಜಕ್ಕೆ ಮೂರು ಇಂಚು ಹರಡಿತು. ಮದ್ದು ಬದಲಾಯಿಸಿದೆ. ಪ್ರೈಮರ್ ಬದಲಾಯಿಸಿದೆ. ತಾಮ್ರ ಅಂಟಿಕೊಂಡಿರಬಹುದು ಅಂತ ನಳಿಗೆಯನ್ನು ಎರಡು ಸಂಜೆ ತಿಕ್ಕಿದೆ. ಗುರಿ ನೋಡಲು ಕೋವಿ ಮೇಲೆ ಕೂರಿಸಿದ ದುರ್ಬೀನಿನ ಸ್ಕ್ರೂ ಬಿಗಿ ಮಾಡಿದೆ. ಊಹುಂ.

ಪ್ರತಿ ತೋಟಾದ ಉದ್ದವನ್ನು ಕ್ಯಾಲಿಪರ್‌ನಲ್ಲಿ ಅಳೆಯುತ್ತಿದ್ದೆ. ಬುಡದಿಂದ ತುದಿಗೆ ಹತ್ತಕ್ಕೆ ಹತ್ತೂ ಒಂದೇ ಅಳತೆ. ಅದೇ ನನ್ನನ್ನು ಮೋಸ ಮಾಡಿದ್ದು. ಕೇಸಿನ ಬಾಯಿಗೆ ಗುಂಡು ಕೂರಿಸುವ ಅಚ್ಚು, ಅಂದರೆ ಡೈ, ಅದರ ಒಳಗೆ ಒಂದು ಸಣ್ಣ ದಾಂಡು ಇರುತ್ತದೆ, ಸೀಟಿಂಗ್ ಸ್ಟೆಮ್ ಅಂತ. ಅದರ ಬಾಯಿ ಬಟ್ಟಲಿನ ಹಾಗೆ. ಪ್ರೆಸ್ಸಿನ ಹಿಡಿ ಒತ್ತಿದಾಗ ಬಟ್ಟಲಿನ ಅಂಚು ಗುಂಡಿನ ಸೊಂಟದ ಹತ್ತಿರ ಕೂತು ಗುಂಡನ್ನು ಕೆಳಗೆ ತಳ್ಳಬೇಕು. ನನ್ನ ಡೈಯ ಬಟ್ಟಲು ಮೊಂಡು ಮೂತಿಯ ಸೀಸದ ಗುಂಡಿಗೆ ಹೇಳಿ ಮಾಡಿಸಿದ್ದು. ತಾಮ್ರದ ಗುಂಡಿನ ಚೂಪು ಮೊನೆಗೆ ಅಲ್ಲಿ ಆಳ ಸಾಲಲಿಲ್ಲ. ಅಂಚು ಸೊಂಟಕ್ಕೆ ತಾಗುವ ಮೊದಲೇ ಪ್ಲಾಸ್ಟಿಕ್ ಮೊನೆ ಬಟ್ಟಲಿನ ತಳಕ್ಕೆ ಬಡಿಯುತ್ತಿತ್ತು. ನಾನು ಮೊನೆಯನ್ನು ಒತ್ತಿ ಒತ್ತಿ ಗುಂಡು ಕೂರಿಸುತ್ತಿದ್ದೆ. ಮೊನೆ ಒಂದರಲ್ಲಿ ಸ್ವಲ್ಪ ಚಪ್ಪಟೆ, ಇನ್ನೊಂದರಲ್ಲಿ ಸ್ವಲ್ಪ ಓರೆ. ತುದಿಯ ಅಳತೆ ಸರಿಯೇ ಬರುತ್ತದೆ, ಬಾರದೆ ಏನು? ತಳ್ಳುತ್ತಿದ್ದುದೇ ತುದಿಯನ್ನು!

ಇದು ಗೊತ್ತಾದದ್ದು ಕಂಪ್ಯಾರೇಟರ್ ಅನ್ನುವ ಪುಟ್ಟ ಸಾಮಾನು ತಂದ ಮೇಲೆ. ಅದನ್ನು ಕ್ಯಾಲಿಪರ್‌ಗೆ ಸಿಕ್ಕಿಸಿದರೆ ತುದಿ ಬಿಟ್ಟು, ಗುಂಡು ದಪ್ಪಗಾಗುವ ಜಾಗದಿಂದ ಅಳೆಯಬಹುದು. ಅಲ್ಲಿ ನೋಡಿದರೆ ಒಂದಕ್ಕೂ ಇನ್ನೊಂದಕ್ಕೂ 0.012 ಇಂಚಿನವರೆಗೆ ವ್ಯತ್ಯಾಸ. 0.3 ಮಿಲಿಮೀಟರ್ ಅಂದರೆ ಏನು ಮಹಾ ಅನ್ನಬಹುದು. ಆದರೆ ಗುಂಡು ಕೇಸು ಬಿಟ್ಟು ನಳಿಗೆಯ ಸುರುಳಿ ಗೆರೆಗೆ ಕಚ್ಚುವ ಮುಂಚೆ ಹಾರುವ ಅಂತರ ಪ್ರತಿ ಈಡಿಗೂ ಬೇರೆ ಆಯಿತು, ಅದರ ಮೇಲೆ ಗುಂಡೇ ಕೊಂಚ ಓರೆ ಕೂತಿತ್ತು. ತಾಮ್ರಕ್ಕೆ ಈ ಹಾರುವ ಜಾಗ ಸ್ವಲ್ಪ ಜಾಸ್ತಿಯೇ ಬೇಕು. ಸುಮಾರು 0.050 ಇಂಚಿನಿಂದ ಶುರು ಮಾಡಿ ಅಂತ ಬಾರ್ನ್ಸ್‌ನವರೇ ಹೇಳುತ್ತಾರೆ. ನಾನು ಅದನ್ನು ಅಳೆಯುವ ಗೋಜಿಗೇ ಹೋಗಿರಲಿಲ್ಲ.

ತುಂಬಿದ್ದ ಇಪ್ಪತ್ತೆರಡು ತೋಟಾ ಬಿಚ್ಚಬೇಕಾಯಿತು. ಅದಕ್ಕೊಂದು ಪ್ಲಾಸ್ಟಿಕ್ ಸುತ್ತಿಗೆ ಸಿಗುತ್ತದೆ. ತೋಟಾ ಒಳಗಿಟ್ಟು ನೆಲಕ್ಕೆ ಕುಟ್ಟಿದರೆ ಗುಂಡು ಸಡಿಲಾಗಿ ಹೊರಗೆ ಬರುತ್ತದೆ. ರಾತ್ರಿ ಹನ್ನೊಂದರವರೆಗೆ ಟಕ್ ಟಕ್ ಅಂತ ಕುಟ್ಟಿದೆ. ಅಡಿಕೆ ಒಡೆಯುವವರ ಮನೆಯ ಹಾಗಿತ್ತು. ಆಮೇಲೆ ಚೂಪು ಗುಂಡಿಗೆ ಅಂತಲೇ ಮಾಡಿದ ಆಳ ಬಟ್ಟಲಿನ ಸ್ಟೆಮ್ ತರಿಸಿದೆ, ಹದಿನೈದು ಡಾಲರ್ ಒಳಗೇ ಬಂತು. ಅದು ಬಂದ ಮೇಲೆ ಹರಡಿಕೆ ಒಂದೂಕಾಲು ಇಂಚಿಗೆ ಇಳಿಯಿತು. ತಾಮ್ರದ ಗುಂಡು ಕೊಳ್ಳುವವರು ಮೊದಲು ಒಂದು ಗುಂಡನ್ನು ಸ್ಟೆಮ್ಮಿನೊಳಗೆ ಕೈಯಿಂದಲೇ ಹಾಕಿ ಅಲ್ಲಾಡಿಸಿ ನೋಡಿ. ಮೊನೆ ತಳಕ್ಕೆ ತಾಗಿ ಗುಂಡು ತೂಗಾಡಿದರೆ ಅಲ್ಲೇ ನಿಲ್ಲಿಸಿ.

ತಾಮ್ರದ ಇನ್ನೊಂದು ಗುಣ, ವೇಗ ಕಮ್ಮಿಯಾದರೆ ಎಸಳು ಬಿಚ್ಚುವುದಿಲ್ಲ, ಸೂಜಿಯ ಹಾಗೆ ಹಾದು ಹೋಗುತ್ತದೆ. ತುಂಬಾ ದೂರ ಹೊಡೆಯುವವರಿಗೆ ಇದು ತಲೆನೋವು. ನಮ್ಮ ಕಡೆ ದಟ್ಟ ಓಕ್ ಕಾಡು. ನಾನು ಮರಸು ಕೂತು ಹೊಡೆಯುವವನು, ನೂರಿಪ್ಪತ್ತು ಗಜದ ಆಚೆ ಕೊಂಬೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಬಯಲು ಸೀಮೆಯ ರಾಜ್ಯಗಳಲ್ಲಿ ಮುನ್ನೂರು, ನಾನೂರು ಗಜ ಹೊಡೆಯುವವರಾದರೆ ಬಾಂಡೆಡ್ ತಗೊಳ್ಳಿ. ಕ್ಯಾಲಿಫೋರ್ನಿಯಾದವರಿಗೆ ಈ ಚರ್ಚೆಯೇ ಬೇಡ, 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಬಂದ್.

ದುಡ್ಡು: ಐವತ್ತು ತಾಮ್ರದ ಗುಂಡಿಗೆ ಐವತ್ತು ಡಾಲರ್ ಕೊಟ್ಟೆ. ಅಂದರೆ ಒಂದು ಡಾಲರ್‌ಗೆ ಒಂದು, ಸಾದಾ ಗುಂಡಿನ ಎರಡೂವರೆ ಪಟ್ಟು. ವಾರಾವಾರ ರೇಂಜಿಗೆ ಹೋಗುವವರಿಗೆ ಇದು ಕಟ್ಟುವುದಿಲ್ಲ. ನಾನು ಹೋಗುವುದು ಅಕ್ಟೋಬರ್‌ನಲ್ಲಿ ಎರಡು ಸಲ. ಇಲ್ಲಿ ರೈಫಲ್ ಬೇಟೆಯ ಸೀಸನ್ ಮೊದಲೆಲ್ಲ ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಕಳೆದ ಸೋಮವಾರ ಶುರುವಾಗುತ್ತಿತ್ತು, 2019ರಿಂದ ಶನಿವಾರ. ಕೆಲಸಕ್ಕೆ ಹೋಗುವವನಿಗೆ ರಜೆ ಹಾಕದೆ ಎರಡು ಮೂರು ದಿನ ಸಿಗುತ್ತದೆ. ವರ್ಷಕ್ಕೆ ಒಂದು ಜಿಂಕೆ, ಭಾಗ್ಯ ಇದ್ದರೆ ಎರಡು. ಒಂದು ಡಬ್ಬಿ ಎರಡು ವರ್ಷ ಬರುತ್ತದೆ. ಹದಿನೆಂಟು ಪೊಟ್ಟಣ ಖೀಮಾ ಬಿಸಾಡಿದವನಿಗೆ ಇದು ಖರ್ಚು ಅನ್ನಿಸುವುದಿಲ್ಲ.

ಸಾದಾ ಗುಂಡು ಇನ್ನೂ ಮೂವತ್ತೆರಡು ಉಳಿದಿವೆ. ಅವನ್ನು ಅಭ್ಯಾಸಕ್ಕೆ ಬಳಸುತ್ತಿದ್ದೇನೆ. ನನ್ನ ಕೋವಿಯಲ್ಲಿ ಅವು ತಾಮ್ರಕ್ಕಿಂತ ಎರಡು ಇಂಚು ಎಡಕ್ಕೆ ಬೀಳುತ್ತವೆ. ಹಾಗಾಗಿ ಸೀಸನ್‌ಗೆ ಮುಂಚಿನ ವಾರ ನಾಲ್ಕು ತಾಮ್ರದ ಗುಂಡು ಹೊಡೆದು ದುರ್ಬೀನು ಮತ್ತೆ ಹೊಂದಿಸಿಕೊಳ್ಳಬೇಕು. ನಾಲ್ಕು ಡಾಲರ್. ಕಾಫಿ ಒಂದು ದಿನ ಬಿಟ್ಟರಾಯಿತು.