ಶಿರಾದಲ್ಲಿ ಒಂದು ದಿನದ ಉತ್ಖನನ ಕಾರ್ಯಾಗಾರ: ಇಲ್ಲದ ಗೋಡೆಯನ್ನು ಕಂಡ ಬಗೆ

ಉತ್ಖನನವೆಂದರೆ ನೆಲ ಅಗೆದು ನಾಣ್ಯ, ವಿಗ್ರಹಗಳನ್ನು ಹೊರತೆಗೆಯುವ ಕೆಲಸವೆಂದೇ ತಿಳಿದಿದ್ದ ನಾನು, ಪುರಾತತ್ವದಲ್ಲಿ ಆಸಕ್ತಿಯುಳ್ಳ ಸಾಮಾನ್ಯರಿಗಾಗಿ ನಡೆದ ಕಾರ್ಯಾಗಾರವೊಂದಕ್ಕೆ ಕಳೆದ ತಿಂಗಳ ಒಂದು ಭಾನುವಾರ ಶಿರಾಕ್ಕೆ ಹೋಗಿಬಂದೆ. ತುಮಕೂರಿನಿಂದ ಬಸ್ಸು, ಮಧ್ಯಾಹ್ನದ ಊಟ, ಸಲಕರಣೆ ಎಲ್ಲ ಸೇರಿ ತಲೆಗೆ 700 ರೂಪಾಯಿ. ಬೆಳಿಗ್ಗೆ ಜುಮ್ಮಾ ಮಸೀದಿ ಮತ್ತು ಬಿಜಾಪುರದ ಸುಲ್ತಾನರ ಪರವಾಗಿ ಶಿರಾವನ್ನು ಆಳಿದ ಮಲಿಕ್ ರಿಹಾನ್‌ನ ದರ್ಗಾದ ವೀಕ್ಷಣೆ, ಊಟದ ನಂತರ ಊರಾಚೆಯ ಖಾಸಗಿ ತೋಟವೊಂದರಲ್ಲಿ ಅಣಕು ಉತ್ಖನನ.

ಮಲಿಕ್ ರಿಹಾನ್‌ನ ಗೋರಿ 1651ರದು, ಮಸೀದಿ ಪೂರ್ಣಗೊಂಡದ್ದು 1696ರಲ್ಲಿ. ಎರಡೂ ಇಂದಿಗೂ ನಿಂತಿವೆ. ಆದರೆ ಬೆಂಗಳೂರು ಮತ್ತು ಶ್ರೀರಂಗಪಟ್ಟಣಗಳಲ್ಲಿ ಹೈದರ್ ಹಾಗೂ ಟಿಪ್ಪು ಕಟ್ಟಿಸಿದ ಅರಮನೆಗಳಿಗೆ ಮಾದರಿಯಾಯಿತೆಂದು ಹೇಳಲಾಗುವ, ಶಿರಾದ ಮೊಘಲ್ ಆಡಳಿತಾಧಿಕಾರಿ ದಿಲಾವರ್ ಖಾನನ ಅರಮನೆ ಮಾತ್ರ ಉಳಿದಿಲ್ಲ. 1687ರಿಂದ ಮೊಘಲರ ಸುಬಾದ (ಪ್ರಾಂತ್ಯದ) ಕೇಂದ್ರವಾಗಿದ್ದ ಊರು 1757ರಲ್ಲಿ ಮರಾಠರ, 1761ರಲ್ಲಿ ಹೈದರನ, 1766ರಲ್ಲಿ ಮತ್ತೆ ಮರಾಠರ, 1774ರಲ್ಲಿ ಟಿಪ್ಪುವಿನ ಕೈಸೇರಿತು. ಇಲ್ಲಿನ 12,000 ಕುಟುಂಬಗಳನ್ನು ಟಿಪ್ಪು ಶ್ರೀರಂಗಪಟ್ಟಣದ ಬಳಿಯ ಗಂಜಾಂಗೆ ಸಾಗಿಸಿದ್ದು ಗೆಜೆಟಿಯರ್‌ನಲ್ಲಿ ದಾಖಲಾಗಿದೆ. ಇಷ್ಟನ್ನು ಹೇಳಿದ ಮಾರ್ಗದರ್ಶಕರು, 'ಹಾಗಾದರೆ ಅಷ್ಟು ದೊಡ್ಡ ಕಟ್ಟಡ ಎಲ್ಲಿ ಹೋಯಿತು?' ಎಂದು ನಮ್ಮನ್ನೇ ಕೇಳಿ, ಉತ್ತರ ಹೇಳದೆ ಬಸ್ಸು ಹತ್ತಿಸಿದರು.

ಸ್ಮಾರಕದ ಬಳಿಯೇ ಏಕೆ ಅಗೆಯಬಾರದೆಂದು ಯಾರೋ ಕೇಳಿದಾಗ ಅವರು ಕೊಟ್ಟ ಉತ್ತರ ಸ್ಪಷ್ಟವಾಗಿತ್ತು: ಪ್ರಾಚೀನ ಸ್ಮಾರಕಗಳ 1958ರ ಕಾಯ್ದೆಯಂತೆ ಸಂರಕ್ಷಿತ ಜಾಗದಲ್ಲಿ ಪರವಾನಗಿಯಿಲ್ಲದೆ ಉತ್ಖನನ ಮಾಡುವಂತಿಲ್ಲ. ನಿಧಿ ಸಿಕ್ಕರೆ ಏನು ಮಾಡಬೇಕೆಂಬ ಇನ್ನೊಬ್ಬರ ಪ್ರಶ್ನೆಗೆ, ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯದಾದರೆ ಕಲೆಕ್ಟರರಿಗೆ ತಿಳಿಸಬೇಕೆನ್ನುವ 1878ರ ಕಾಯ್ದೆ ಇಂದಿಗೂ ಇದೆ ಎಂದರು. ಪ್ರಶ್ನೆ ಕೇಳಿದವರ ಉತ್ಸಾಹ ಅಲ್ಲಿಗೆ ತುಸು ತಗ್ಗಿತು.

ಗೂಟ ನೆಟ್ಟು ದಾರ ಕಟ್ಟಿ, ಎರಡು ಮೀಟರ್ ಚೌಕದ ಎರಡು ಗುಂಡಿಗಳನ್ನು ಗುರುತಿಸಿದ್ದರು; ನಡುವೆ ಅಗೆಯದೆ ಬಿಟ್ಟ ಮಣ್ಣಿನ ಗೋಡೆ. 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ವ್ಹೀಲರ್ ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಚಂದ್ರವಳ್ಳಿಗಳಲ್ಲಿ ಅಗೆದಾಗ ಇಂಥ ಗೋಡೆಗಳ ಮೈಯಲ್ಲೇ ಪದರಗಳನ್ನು ಓದಿದ್ದರಂತೆ. ಕರಣೆಯಿಂದ ಚುಚ್ಚದೆ ಕೆರೆಯಬೇಕು, ಕೆರೆದದ್ದನ್ನು ಬಾಣಲಿಗೆ ತುಂಬಿ ಜರಡಿಗೆ ಹಾಕಬೇಕು. ಮೊದಲ ಅರ್ಧ ಗಂಟೆ ಗಟ್ಟಿ ಕೆಮ್ಮಣ್ಣಲ್ಲದೆ ಬೇರೇನೂ ಇರಲಿಲ್ಲ. ಆಮೇಲೆ ನನ್ನ ಕರಣೆ ಒಂದೆಡೆ ಇದ್ದಕ್ಕಿದ್ದಂತೆ ಸಲೀಸಾಗಿ ಇಳಿಯಿತು. ಮೊಳದಗಲದ ಒಂದು ಪಟ್ಟಿಯಲ್ಲಿ ಮಣ್ಣು ಮೆದುವಾಗಿತ್ತು, ಬಣ್ಣವೂ ತಿಳಿ. ನಡುನಡುವೆ ಕಡಲೆಕಾಳಿನಷ್ಟು ಸುಣ್ಣದ ಗಾರೆಯ ಹರಳುಗಳು. ಅದು ಗೋಡೆಯಲ್ಲ, ಗೋಡೆಯ ಕಲ್ಲನ್ನು ಬುನಾದಿಸಮೇತ ಕಿತ್ತು ಒಯ್ದ ಮೇಲೆ ಮಣ್ಣು ತುಂಬಿಕೊಂಡ ಕಾಲುವೆಯಂಥ ತಗ್ಗು. ಆಯೋಜಕರು ಕಲ್ಲುಕಟ್ಟಡ ಕಟ್ಟಿ, ಕಿತ್ತು, ಎರಡು ಮಳೆಗಾಲ ಹಾಗೇ ಬಿಟ್ಟಿದ್ದರಂತೆ! ಬೆಳಗಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಿ: ಊರವರು ಹಳೆಯ ಕಟ್ಟಡದ ಕಲ್ಲನ್ನು ಹೊಸ ಮನೆಗೆ ಒಯ್ದರೂ ಗೋಡೆಯಿದ್ದ ಜಾಗವನ್ನು ನೆಲ ಮರೆಯುವುದಿಲ್ಲ. ಈ ಒಂದು ಪಾಠಕ್ಕೇ ಕೊಟ್ಟ ಹಣ ಸಂದಿತೆನ್ನಬೇಕು.

ಕೊರತೆಗಳೂ ಇದ್ದವು. ಬಸ್ಸು ಒಂದು ಗಂಟೆ ತಡವಾಗಿ ಹೊರಟಿತು. ಎರಡು ಗುಂಡಿಗೆ 32 ಜನ ಹೆಚ್ಚಾಯಿತು. ಕೆರೆಯುವವರಿಗಿಂತ ಅಂಚಿನಲ್ಲಿ ನಿಂತು ಅಂಚನ್ನೇ ಕುಸಿಯುವಂತೆ ಮಾಡುವವರೇ ಜಾಸ್ತಿ. ಜರಡಿಯಲ್ಲಿ ಸಿಗಲೆಂದು ಹುದುಗಿಸಿದ್ದ ಮಡಿಕೆ ಚೂರುಗಳು ಸಂತೆಯಿಂದ ತಂದ ಹೊಸ ಮಡಿಕೆಯವು, ಮಸಿ ಕೂಡ ಹಿಡಿದಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ನಕ್ಷೆ ಬರೆಯುವ ಕೆಲಸವನ್ನು ಕತ್ತಲಾಯಿತೆಂದು ಹದಿನೈದು ನಿಮಿಷಕ್ಕೆ ಮುಗಿಸಿದ್ದು ನನಗೆ ಸರಿಬರಲಿಲ್ಲ, ಏಕೆಂದರೆ ಅಗೆದ ಪದರ ಮತ್ತೆ ಸಿಗುವುದಿಲ್ಲ, ಉಳಿಯುವುದು ಬರೆದಿಟ್ಟಷ್ಟೇ. ಮಕ್ಕಳನ್ನು ಕರೆದೊಯ್ಯುವವರು ಟೋಪಿ, ಹೆಚ್ಚಿನ ನೀರು ಒಯ್ಯಿರಿ. ತೋಟದಲ್ಲಿ ನೆರಳು ಕಡಿಮೆ. ಊಟದ ಮುದ್ದೆ, ಬಸ್ಸಾರಿಗೆ ದೂರಿಲ್ಲ.

ಹೊರಡುವ ಮುನ್ನ ಗುಂಡಿಯ ತಳಕ್ಕೆ ನೀಲಿ ಪ್ಲಾಸ್ಟಿಕ್ ಹಾಳೆ ಹಾಸಿ ಮಣ್ಣು ಮುಚ್ಚಿದರು. ಮುಂದೆ ಅಗೆಯುವವರಿಗೆ ನಾವು ಎಲ್ಲಿಗೆ ನಿಲ್ಲಿಸಿದೆವೆಂದು ತಿಳಿಯಲು ಇದು ಗುರುತಂತೆ. ಹಾಳೆಯ ಮೇಲೆ ಈ ವರ್ಷದ ಒಂದು ರೂಪಾಯಿ ನಾಣ್ಯವನ್ನೂ ಇಟ್ಟರು. ಅದನ್ನು ಹತ್ತು ರೂಪಾಯಿಗಿಂತ ಕಡಿಮೆಯೇ ಎಂದು ಖಚಿತಪಡಿಸಿಕೊಂಡವರು ನಿಧಿಯ ಪ್ರಶ್ನೆ ಕೇಳಿದ್ದವರೇ.