ಆಲ್ಬೆಂಡಜೋಲ್ 400 ಮಿ.ಗ್ರಾಂ. ಮಾತ್ರೆ: ಎರಡು ಸಲ ಬಳಸಿದ ಮೇಲೆ

ಏಳು ವರ್ಷದ ಮಗಳು ಮೂರು ರಾತ್ರಿ ನಿದ್ದೆಯಿಂದೆದ್ದು "ಅಮ್ಮಾ, ಹಿಂದೆ ತುಂಬಾ ಕಡೀತಿದೆ" ಅಂತ ಅತ್ತಳು. ಮಲಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಕೊನೆಗೆ ರಾತ್ರಿ ಟಾರ್ಚ್ ಹಿಡಿದು ನೋಡಿದರೆ, ಬಿಳಿ ದಾರದ ಚೂರಿನಂಥ ಹುಳ ಹರಿದಾಡುತ್ತಿತ್ತು. ಡಾಕ್ಟರು ಪಿನ್‌ವರ್ಮ್ ಅಂದರು. ಹೆಣ್ಣು ಹುಳ ರಾತ್ರಿ ಹೊರಬಂದು ಗುದದ ಸುತ್ತಲಿನ ಚರ್ಮದ ಮೇಲೆ ಮೊಟ್ಟೆ ಇಡುತ್ತದಂತೆ. ಅದಕ್ಕೇ ಮಲದಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಬೆಳಿಗ್ಗೆ ಎದ್ದ ಕೂಡಲೇ, ತೊಳೆಯುವ ಮುಂಚೆ, ಅಲ್ಲಿ ಸೆಲ್ಲೋಟೇಪ್ ಒತ್ತಿ ತೆಗೆದು ಪರೀಕ್ಷೆಗೆ ಕೊಡಬೇಕು.

ಇದಕ್ಕೆ ಕೊಟ್ಟ ಹುಳದ ಮಾತ್ರೆಯೇ ಆಲ್ಬೆಂಡಜೋಲ್. ಅಗಿದು ನುಂಗುವಂಥದ್ದು, ಸ್ವಲ್ಪ ಸಿಹಿ. ಮಗಳು ಹಟ ಮಾಡದೆ ತಿಂದಳು, ಹೊಟ್ಟೆ ಕೆಡಲಿಲ್ಲ. ನಾಲ್ಕನೇ ರಾತ್ರಿಯಿಂದ ನೆಮ್ಮದಿಯಾಗಿ ಮಲಗಿದಳು.

ಐದು ವಾರಕ್ಕೆ ಮತ್ತೆ ಅದೇ ಅಳು. ಮಾತ್ರೆಯೇ ಕಳಪೆ ಅಂದುಕೊಂಡೆ. ತಪ್ಪು ಮಾತ್ರೆಯದ್ದಲ್ಲ. ಅದು ಹುಳವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಉಳಿದ ಮೊಟ್ಟೆಗಳಿಂದ ಬರುವ ಹುಳಗಳಿಗಾಗಿ ಎರಡು ವಾರ ಬಿಟ್ಟು ಇನ್ನೊಂದು ಮಾತ್ರೆ ಬೇಕು, ಅದೂ ಮನೆಯವರೆಲ್ಲರಿಗೂ ಒಂದೇ ದಿನ. ನಾನು ಮಗಳಿಗೆ ಮಾತ್ರ, ಒಂದೇ ಸಲ ಕೊಟ್ಟಿದ್ದೆ. ನಾವು ತಂದ ಪೊಟ್ಟಣದಲ್ಲಿ ಇದ್ದದ್ದು ಒಂದೇ ಮಾತ್ರೆ. ಎರಡನೆಯದರ ಮಾತು ಅದರ ಮೇಲೆ ಎಲ್ಲೂ ಇಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸಿದ ವಿಷಯ. ಮಗು ಮತ್ತೆ ಅಷ್ಟು ರಾತ್ರಿ ನರಳಬೇಕಿರಲಿಲ್ಲ.

ಎರಡನೇ ಸಲ ಡಾಕ್ಟರನ್ನು ಕೇಳಿಯೇ ನಾನು, ಮನೆಯವರು, ಮಕ್ಕಳಿಬ್ಬರು ಒಟ್ಟಿಗೆ ತೆಗೆದುಕೊಂಡೆವು. ನಮ್ಮ ಜೊತೆಗಿದ್ದ ನಾದಿನಿ ಎರಡು ತಿಂಗಳ ಬಸುರಿ, ಅವಳಿಗೆ ಮಾತ್ರೆ ಬೇಡ ಅಂದರು.

ಮಾತ್ರೆಗಿಂತ ಹೆಚ್ಚು ದುಡಿತ ಮನೆಯೊಳಗೆ. ಕೆರೆದುಕೊಂಡ ಉಗುರಿನಿಂದ ಮೊಟ್ಟೆ ಬಾಯಿಗೆ ಹೋಗುತ್ತದೆ, ಇಟ್ಟ ಕೆಲವೇ ಗಂಟೆಗಳಲ್ಲಿ ಸೋಂಕು ಹರಡಬಲ್ಲದು, ಬಟ್ಟೆಯ ಮೇಲೆ ಎರಡು-ಮೂರು ವಾರ ಬದುಕಬಲ್ಲದು. ಹಾಗಾಗಿ ಉಗುರು ಮಟ್ಟಸವಾಗಿ ಕತ್ತರಿಸಿದೆ. ರಾತ್ರಿ ಇಟ್ಟ ಮೊಟ್ಟೆ ತೊಳೆದುಹೋಗಲೆಂದು ಸ್ನಾನ ಬೆಳಿಗ್ಗೆಯೇ. ಒಳಉಡುಪು ದಿನವೂ ಬದಲು. ಹಾಸಿಗೆ ಬಟ್ಟೆಯನ್ನು ಕೊಡವದೆ ಮಡಚಿಕೊಂಡು ಹೋಗಿ ಬಿಸಿನೀರಿಗೆ ಹಾಕಿದೆ. ಕೊಡವಿದರೆ ಮೊಟ್ಟೆ ಗಾಳಿಗೆ ಹಾರುತ್ತದೆ. ಸ್ಯಾನಿಟೈಸರ್ ನಂಬಬೇಡಿ, ಸೋಪು ಹಾಕಿ ಉಜ್ಜಿ ತೊಳೆಯಿರಿ.

ಮಾತ್ರೆಗೆ ಐದಕ್ಕೆ ಐದು, ಪೊಟ್ಟಣಕ್ಕೆ ಎರಡು. ಮೊದಲ ಮಾತ್ರೆ ಕೊಟ್ಟ ದಿನವೇ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನ ಎಣಿಸಿ ಗುರುತು ಹಾಕಿಬಿಡಿ.